ಕುರ್ಚಿಯ ತಳದಲ್ಲಿ ಬರೆದದ್ದು

ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆ
ಭಾನುವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ಹೇಗಿದೆ? ಚೆನ್ನಾಗಿದೆ ಅಂತ ಬರೆಯಬೇಡ, ಭಾವ ಫೋನಿನಲ್ಲಿ ಎಲ್ಲಾ ಹೇಳಿದ್ದಾರೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಒಂದೊಂದೇ ಕಾಲು ಇಳಿಸುತ್ತೀಯಂತೆ. ನಡೆಯಲಾಗದವರಿಗೆ ಗಾಲಿಕುರ್ಚಿ ಎರವಲು ಕೊಡುವ ಸಂಸ್ಥೆ ಕಟ್ಟಿ ಹದಿನೆಂಟು ವರ್ಷ ನಡೆಸಿದವಳು ಸ್ವಂತ ಕಾಲಿಗೆ ಒಂದು ಕೋಲೂ ಹಿಡಿಯುವುದಿಲ್ಲ ಅಂದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಆಪರೇಷನ್ ಆಗಲೇಬೇಕು, ಆಮೇಲೆ ಮೂರು ತಿಂಗಳು ವಿಶ್ರಾಂತಿ ಅಂತ ಡಾಕ್ಟರು ಹೇಳಿ ವರ್ಷವಾಯಿತು. ನಿನ್ನದು ಮಾತ್ರ ಒಂದೇ ರಾಗ: ‘ತಂಗಿ ಓದು ಮುಗಿಸಿ ಬರ್ಲಿ, ಎಲ್ಲಾ ಅವಳ ಕೈಗೆ ಕೊಟ್ಟು ಮಲಗ್ತೀನಿ.’ ಅಕ್ಕಾ, ನನ್ನ ಓದು ಮುಗಿಯಲು ಇನ್ನೂ ಒಂದೂವರೆ ವರ್ಷ ಇದೆ. ನಿನ್ನ ಮಂಡಿ ಅಲ್ಲಿಯವರೆಗೆ ಕಾಯುವುದಿಲ್ಲ.

ನಾನು ಚೆನ್ನಾಗಿದ್ದೇನೆ ಅಂತ ಬರೆಯುವಷ್ಟು ಚೆನ್ನಾಗಿದ್ದೇನೆ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಸೇವಾಸಂಸ್ಥೆಗಳ ನಿರ್ವಹಣೆ ಅಂತ ಎಂ.ಎ. ಓದು ಎಂದು ನನ್ನನ್ನು ಇಲ್ಲಿಗೆ ಅಟ್ಟಿದವಳು ನೀನು. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತಮೂರರ ಆಸುಪಾಸು. ಮೊದಲ ದಿನ ನಾನು ಒಳಗೆ ಹೋದರೆ ಪಾಠ ಮಾಡಲು ಬಂದವಳು ಅಂದುಕೊಂಡು ಎಲ್ಲರೂ ಎದ್ದು ನಿಂತರು. ಬೋರ್ಡಿನ ಮೇಲೆ ದಿನಾ ಒಂದು ಚೌಕ, ಚೌಕದಿಂದ ಬಾಣ, ಬಾಣದ ತುದಿಗೆ ಮತ್ತೊಂದು ಚೌಕ. ನಮ್ಮ ಕುರ್ಚಿ ತೆಗೆದುಕೊಂಡು ಹೋದ ಅಜ್ಜಿಗೆ ಇಲ್ಲಿ ‘ಫಲಾನುಭವಿ’ ಅಂತ ಹೆಸರು. ಮೇಷ್ಟ್ರು ಒಳ್ಳೆಯವರೇ. ‘ಸೇವೆಯ ಪರಿಣಾಮ ಅಳೆಯೋದು ಹೇಗೆ?’ ಅಂತ ಅವರು ಕೇಳಿದಾಗ ನಾನು ಬಾಯಿ ಸುಮ್ಮನಿರದೆ, ‘ಮೊದಲು ಬಾಗಿಲ ಅಗಲ ಅಳೀಬೇಕು ಸಾರ್, ಕುರ್ಚಿ ಒಳಗೇ ಹೋಗದಿದ್ರೆ ಪರಿಣಾಮ ಎಲ್ಲಿಂದ ಬರುತ್ತೆ’ ಅಂದುಬಿಟ್ಟೆ. ಎಲ್ಲರ ಜೊತೆ ಅವರೂ ನಕ್ಕರು. ನಕ್ಕು, ನನಗೇ ಎಲ್ಲಕ್ಕಿಂತ ಕಷ್ಟದ ವರದಿ ಕೊಟ್ಟರು. ಸಂಸ್ಥೆ ಕಟ್ಟಿದವರು ಪಕ್ಕಕ್ಕೆ ಸರಿದರೆ ಅದನ್ನು ಯಾರು, ಹೇಗೆ ನಡೆಸುತ್ತಾರೆ? ನಿಮ್ಮ ಸಂಸ್ಥೆಯದನ್ನೇ ಬರೆಯಿರಿ ಅಂದರು.

ಅದಕ್ಕೇ ನಿನಗೆ ಹನ್ನೆರಡು ಪ್ರಶ್ನೆ ಕಳಿಸಿದ್ದು. ನಿನ್ನ ಉತ್ತರ ಓದಿ ತಲೆ ಚಚ್ಚಿಕೊಂಡೆ. ಮೊದಲನೆಯದಕ್ಕೆ ಸಂಸ್ಥೆ ಶುರುವಾದ ವರ್ಷ ಬರೆದಿದ್ದೀಯ, ಪುಣ್ಯಾತ್ಗಿತ್ತಿ. ಎರಡರಿಂದ ಹನ್ನೊಂದರವರೆಗೆ ಒಂದು ಉದ್ದ ಗೆರೆ ಎಳೆದು ‘ಇದೆಲ್ಲ ನಿಂಗೇ ಗೊತ್ತಲ್ಲ’ ಅಂದಿದ್ದೀಯ. ನೀವು ಮೂರು ತಿಂಗಳು ಇಲ್ಲದಿದ್ದರೆ ಯಾರು ಏನು ನೋಡಿಕೊಳ್ಳುತ್ತಾರೆ ಅನ್ನುವ ಕೊನೆಯದಕ್ಕೆ ‘ನಾನ್ಯಾಕೆ ಇರಲ್ಲ?’ ಅದರ ಕೆಳಗೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಉಪದೇಶ. ಆಡಳಿತ ಮಂಡಳಿಯ ಸಭೆ ಯಾವಾಗ ಸೇರುತ್ತದೆ ಅಂತಲೂ ಕೇಳಿದ್ದೆ. ನನಗೆ ಗೊತ್ತಿರುವ ಉತ್ತರ ಬರೆದರೆ ಫೇಲಾಗುತ್ತೇನೆ. ಮಂಡಳಿ ಅಂದರೆ ನೀನು, ಭಾವ, ನಾನು. ಸಭೆ ಅಂದರೆ ಭಾವ ಸ್ಕೂಟರ್ ತಂದು ಹೊರಗೆ ಹಾರ್ನ್ ಹೊಡೆಯುವವರೆಗೆ ನಾವಿಬ್ಬರು ಆಡುವ ಜಗಳ.

ಸಿಟ್ಟಿಗೆ ನಮ್ಮ ಕುರ್ಚಿ ರಿಪೇರಿ ವರ್ಕ್‌ಶಾಪಿನ ಐದೂ ಜನಕ್ಕೆ ಫೋನ್ ಹಚ್ಚಿದೆ. ಯಾವ ಕುರ್ಚಿ ಯಾರಿಗೆ ಅಂತ ಹೇಳುವವರು ಯಾರು? ‘ಅಕ್ಕ.’ ಯಾವುದು ಯಾರ ಮನೆಯಲ್ಲಿದೆ? ‘ಅಕ್ಕನ್ನೇ ಕೇಳ್ಬೇಕು.’ ಅಕ್ಕ ಇಲ್ಲದಿದ್ದರೆ ಅಂದದ್ದೇ ತಡ, ಟಯರ್ ಹಾಕುವ ತಾತ ಗಾಬರಿಬಿದ್ದು ‘ಅಕ್ಕಂಗೇನಾಯ್ತಮ್ಮಾ?’ ಅಂತ ಅಳುವ ಹಾಗಾದರು. ಅವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ಪ್ರಶ್ನೆಯೇ ಮರೆತುಹೋಯಿತು. ಇನ್ನೂರ ಹತ್ತು ಕುರ್ಚಿಗಳ ಜಾತಕ ನಿನ್ನ ತಲೆಯಲ್ಲಿದೆ. ಬರೆದಿಡು ಅಂದಾಗಲೆಲ್ಲ ‘ಹೆತ್ತ ಮಕ್ಕಳ ಹೆಸರು ಯಾರಾದ್ರೂ ಬರೆದಿಟ್ಕೊತಾರಾ’ ಅನ್ನುತ್ತೀಯ. ಕೇಳುವಾಗ ಮೊದಲು ನನಗೂ ಹೆಮ್ಮೆಯಾಗುತ್ತಿತ್ತು. ಈಗ ಹೆದರಿಕೆಯಾಗುತ್ತದೆ.

ಕೊನೆಗೆ ಮಾತಾಡಿದ್ದು ವೆಲ್ಡಿಂಗ್ ಮಾಡುವವಳ ಹತ್ತಿರ. ಎಂಟು ವರ್ಷದಿಂದ ನಿನ್ನ ಹತ್ತಿರ ದಿನಕ್ಕೆ ಹತ್ತು ಸಲ ತಲೆಹರಟೆ ಅಂತ ಬೈಸಿಕೊಳ್ಳುತ್ತಾಳಲ್ಲ, ಅವಳೇ. ‘ಚಿಕ್ಕಕ್ಕಾ, ದೊಡ್ಡಕ್ಕಂಗೆ ಹೇಳಲ್ಲ ಅಂದ್ರೆ ಒಂದು ತೋರಿಸ್ತೀನಿ’ ಅಂದಳು. ಮರುದಿನ ಫೋಟೋಗಳು ಬಂದವು, ರಿಪೇರಿಗೆ ಬಂದ ಕುರ್ಚಿಗಳನ್ನು ತಲೆಕೆಳಗು ಮಾಡಿ ತೆಗೆದವು. ಎರಡು ವರ್ಷದ ಹಿಂದೆ ನೀನು ಸೀಟಿನ ತಳದಲ್ಲಿ ಸೀಮೆಸುಣ್ಣದ ಗೀಚು ಕಂಡು ‘ಕುರ್ಚಿ ಏನು ನಿಂಗೆ ಸ್ಲೇಟಾ’ ಅಂತ ರೇಗಿ ಒರೆಸಲು ಹೇಳಿದ್ದೆ, ನೆನಪಿದೆಯಾ? ಅವಳು ಒರೆಸಿದಳು. ಆಮೇಲೆ ಪೇಂಟಿನಲ್ಲಿ ಬರೆದಳು. ಒಂದೊಂದರ ತಳದಲ್ಲೂ ನಂಬರು, ಕೂರುವವರ ತೂಕ, ಮನೆಯ ಬಾಗಿಲ ಅಗಲ, ಮೆಟ್ಟಿಲೆಷ್ಟು, ಯಾವ ಕೈಗೆ ಶಕ್ತಿ ಜಾಸ್ತಿ, ಬ್ರೇಕು ಯಾವ ಕಡೆ ಬೇಕು. ಯಾವ ನಂಬರು ಯಾರ ಮನೆಯಲ್ಲಿ, ಯಾವಾಗ ವಾಪಸ್ಸು ಅನ್ನುವುದು ಅವಳ ಸಾಮಾನಿನ ಬೀರುವಿನ ಬಾಗಿಲ ಒಳಮೈಯಲ್ಲಿ. ನಮ್ಮ ಮೇಷ್ಟ್ರು ಅದರ ಫೋಟೋ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಅವಳೇ ಹೇಳಿದ ಇನ್ನೊಂದು ಮಾತು. ಕಳೆದ ವರ್ಷ ಜ್ವರ ಬಂದು ಒಂಬತ್ತು ದಿನ ಮಲಗಿದ್ದಾಗ ‘ಅಲ್ಲಿ ಎಲ್ಲಾ ನಿಂತುಹೋಗಿರುತ್ತೆ’ ಅಂತ ಒದ್ದಾಡಿದ್ದೆಯಲ್ಲ. ಏನೂ ನಿಂತಿರಲಿಲ್ಲ ಅಕ್ಕಾ, ಆ ಬೀರು ನೋಡಿ ಅವಳೇ ನಡೆಸಿದ್ದಳು. ಹದಿನಾಲ್ಕು ಕುರ್ಚಿ ಹೋದವು, ಆರು ಬಂದವು, ಒಂದೂ ತಪ್ಪಾಗಲಿಲ್ಲ. ನೀನು ಬಂದ ದಿನ ಎಲ್ಲರೂ ಕೈಕಟ್ಟಿ ನಿಂತು ‘ನಿಮಗೋಸ್ಕರ ಕಾಯ್ತಿದ್ವಿ’ ಅಂದದ್ದು ನಿನಗೆ ಬೇಜಾರಾಗಬಾರದು ಅಂತ. ಹೇಳುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟು ಈಗ ಮುರಿಯುತ್ತಿದ್ದೇನೆ, ಬೈಯುವುದಿದ್ದರೆ ನನಗೆ ಬೈ. ನಿನಗೆ ನೋವಾಗುತ್ತದೆ ಅಂತ ಗೊತ್ತು. ಆದರೆ ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಭಯವೂ ಇದೆ ನನಗೆ.

ಮೆಷಿನ್ ನಿಂತಿತು, ಹಿಂದೆ ಇಬ್ಬರು ಬಕೆಟ್ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಭಾವನಿಗೆ ನಮಸ್ಕಾರ ತಿಳಿಸು. ತಾತನಿಗೆ ನಾನು ಕ್ಷಮೆ ಕೇಳಿದೆ ಅನ್ನು. ಸಿಟ್ಟು ಇಳಿದ ಮೇಲೆ ಇದನ್ನು ಇನ್ನೊಂದು ಸಲ ಓದು.

ನಿನ್ನ ಕೈಯಲ್ಲೇ ಬೆಳೆದ,
ಮೊಂಡಿ

ತಾ.ಕ.: ವರದಿ ನಿನ್ನೆಯೇ ಕೊಟ್ಟುಬಿಟ್ಟೆ. ಮುಂದೆ ಹೊಣೆ ಯಾರದು ಅನ್ನುವ ಪುಟದಲ್ಲಿ ವೆಲ್ಡಿಂಗ್ ಮಾಡುವವಳ ಹೆಸರಿದೆ, ನನ್ನದಿಲ್ಲ. ಮೊದಲು ನನ್ನದನ್ನೇ ಬರೆದು ಎರಡು ದಿನ ಇಟ್ಟುಕೊಂಡಿದ್ದೆ. ಹೊಡೆದುಹಾಕುವಾಗ ಅಳು ಬಂತು, ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ನನಗಾಗಿ ಕಾಯಬೇಡ. ಬರುವ ತಿಂಗಳು ಐದನೇ ತಾರೀಖಿಗೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿ ಆಗಿದೆ, ಭಾವನ ಕೈಯಲ್ಲಿ ಬರೆಸಿದ್ದು ನಾನೇ. ಅವಳಿಗೆ ಇದೊಂದೂ ಗೊತ್ತಿಲ್ಲ. ಅಷ್ಟರೊಳಗೆ ನೀನೇ ಅವಳನ್ನು ಕೂರಿಸಿಕೊಂಡು, ಇನ್ನು ಇದೆಲ್ಲ ನಿನ್ನ ಹೊಣೆ ಅಂತ ಹೇಳಬೇಕು, ನಾನು ಹೇಳಿದರೆ ಅವಳು ನಂಬುವುದಿಲ್ಲ.