ಅವರು ಕೈ ಒತ್ತಿದ ದಿನ

ಶಿವಮೊಗ್ಗ
ಮಂಗಳವಾರ, 12-11-2024

ಮಗಳು ಶರಣ್ಯಾಗೆ ಅಮ್ಮನ ಆಶೀರ್ವಾದ.

ಫೋನ್ ಮಾಡಿದರೆ ನೀನು ಅಳುತ್ತೀಯ, ನನಗೆ ಅದು ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಇಪ್ಪತ್ತಾರು ದಿನದ ಹಿಂದೆ, ಡಾಕ್ಟರು ಅಪ್ಪನನ್ನು ಪರೀಕ್ಷೆ ಮಾಡಿದ ಸಂಜೆ, ನಿನ್ನನ್ನು ವಾರ್ಡಿನಿಂದ ಓಡಿಸಿದವಳು ನಾನೇ. "ಅಪ್ಪ ಯಾವಾಗ ಸಾಯ್ತಾರೆ ಅಂತ ಕಾಯ್ತಿದೀಯೇನೇ? ನಡಿ ಕುಂಸಿಗೆ, ನಿನ್ ಮನೆಗೆ" ಎಂದೆ. ನರ್ಸುಗಳೆಲ್ಲ ತಿರುಗಿ ನೋಡಿದರು. ನೀನು ಹೇಳಿದ್ದು ಇಷ್ಟೇ: "ಅಮ್ಮಾ, ಕೈ ಒತ್ತಿದ್ದು ಅಪ್ಪ ಅಲ್ಲ. ವೀಡಿಯೊ ತೆಗ್ದಿದೀನಿ, ನೋಡು." ನನ್ನ ಕೈಗೆ ಆದದ್ದನ್ನು ನಿನ್ನ ಫೋನ್ ಹೇಳಬೇಕೇ ಎಂಬ ಸಿಟ್ಟು ನನಗೆ.

ಅಪ್ಪನಿಗೆ ಲಕ್ವ ಹೊಡೆದು ಆಗ ಎರಡು ತಿಂಗಳು. ಅರಿವಿಲ್ಲ, ಉಸಿರಿನ ಯಂತ್ರ ತೆಗೆಸಿ ಭದ್ರಾವತಿಯ ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದರು ಡಾಕ್ಟರ್ ರೇಣುಕಾಪ್ರಸಾದ್. ಆವತ್ತು ನನ್ನನ್ನು ಹಾಸಿಗೆಯ ಪಕ್ಕ ನಿಲ್ಲಿಸಿ, "ಅಮ್ಮಾ, ಹೆಸರು ಹಿಡಿದು ಜೋರಾಗಿ ಕರೀರಿ" ಎಂದರು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡದವಳು ಅಷ್ಟು ಜನರೆದುರು ಹೇಗೆ ಕರೆಯಲಿ? ಅಪ್ಪನ ಕೈ ಹಿಡಿದು "ರೀ" ಎಂದೆ. ಅವರು ನನ್ನ ಕೈ ಒತ್ತಿದರು. ಎರಡು ಸಲ. ಉಗುರು ತಾಗಿದ್ದೂ ನೆನಪಿದೆ. ಡಾಕ್ಟರ್ ಎಷ್ಟು ಹೇಳಿದರೂ ಕೇಳದೆ, ಅದೊಂದನ್ನೇ ನಂಬಿ ಅಪ್ಪನ ಬೆನ್ನು ಹುಣ್ಣಾಗುವ ತನಕ ಮಲಗಿಸಿದೆ.

ನೀನು ಅಂದೇ ಕಳಿಸಿದ್ದ ವೀಡಿಯೊವನ್ನು ಇವತ್ತು ಬೆಳಿಗ್ಗೆ ನೋಡಿದೆ. ನಾಲ್ಕು ಸಲ ನೋಡಿದೆ. ಅವರ ಬೆರಳು ಒದ್ದೆ ಬಟ್ಟೆಯ ಹಾಗೆ ಬಿದ್ದಿವೆ. ಒತ್ತುತ್ತಿರುವುದು ನಾನು. ಹೆಸರು ಹೇಳಲಾರದೆ, ಕೈ ಒತ್ತಿ ಕರೆದಿದ್ದೇನೆ. ಕಣ್ಣು ಮುಚ್ಚಿದರೆ ಈಗಲೂ ಒತ್ತುವುದು ಅವರೇ. ನನ್ನ ಕೈ ಮಾಡಿದ್ದೇ ನನಗೆ ತಿಳಿಯಲಿಲ್ಲ. ಅವರ ಒಳಗೆ ಏನಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಡಾಕ್ಟರನ್ನು ಕೇಳಿದೆ. "ಒಳಗೆ ಏನೂ ಇಲ್ಲ ಅಂತ ಪ್ರಮಾಣ ಮಾಡಿ ನಾನೂ ಹೇಳಲ್ಲಮ್ಮ. ವಾಪಸ್ ಬರಲ್ಲ, ಅಷ್ಟು ಹೇಳ್ತೀನಿ" ಎಂದರು.

ಮಧ್ಯಾಹ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. "ಷಣ್ಮುಖಪ್ಪನೋರೇ" ಎಂದೆ. ಪಕ್ಕದ ರೋಗಿಯನ್ನು ನೋಡಿಕೊಳ್ಳುವ ಅಜ್ಜಿ, "ಇನ್ನೂ ಜೋರಾಗಿ ಕರಿಯೇ ಮಾರಾಯ್ತಿ, ಇಲ್ಲಿ ನಗೋರು ಯಾರಿದಾರೆ?" ಎಂದಳು. ಕೂಗಿದೆ. ರೆಪ್ಪೆಯೂ ಅಲುಗಲಿಲ್ಲ.

ಕಾಗದಕ್ಕೆ ಸಹಿ ಹಾಕಿದ್ದೇನೆ. ಗುರುವಾರ ಹತ್ತು ಗಂಟೆಗೆ ಹೊರಡುವುದು. ಮನೆ ಮುಟ್ಟಿದ ಮೇಲೆ ಯಂತ್ರ ತೆಗೆಯುತ್ತಾರೆ. ಕುಂಸಿಯಿಂದ ಇಲ್ಲಿಗೆ ಕೆಲಸಕ್ಕೆ ಬರುವ ಆಯಾಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬಾ ಎನ್ನುವ ಮುಖ ನನಗಿಲ್ಲ. ಬಂದರೆ ಆಂಬುಲೆನ್ಸಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ.

ಇಂತಿ ನಿನ್ನ ತಾಯಿ,
ವೇದಾವತಿ

ಇನ್ನೊಂದು ಮಾತು: ನಲವತ್ತೊಂದು ವರ್ಷ ಬಾಳಿದೆವು. ನೆಟ್ಟಗಿದ್ದಾಗ ನಿನ್ನ ಅಪ್ಪ ಒಂದು ದಿನವೂ ನನ್ನ ಕೈ ಹಿಡಿದವರಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.