ಎಡಗಾಲಿನ ಬೂಟು

ಮನೆಯಿಂದ,
ಸೋಮವಾರ, ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಆಸ್ಪತ್ರೆಯ ರಾತ್ರಿ ಪಾಳಿ ಮುಗಿಯಿತಾ, ಇಲ್ಲ ಇನ್ನೂ ಕಣ್ಣು ಕೆಂಪಗೆ ಮಾಡಿಕೊಂಡೇ ಓಡಾಡುತ್ತಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳಿಗೆ ಬುದ್ಧಿ ಹೇಳುವ ನರ್ಸಮ್ಮನೇ ಬರೀ ಬ್ರೆಡ್ಡು ತಿಂದುಕೊಂಡಿದ್ದರೆ ಹೇಗೆ? ನನ್ನ ಮಂಡಿ ಹಾಗೇ ಇದೆ. ಕೂತು ಬಟ್ಟೆ ಹೊಲಿಯುವಾಗ ನೋವಿಲ್ಲ, ಎದ್ದು ನಿಂತರೆ ಜೀವ ಹೋಗುತ್ತದೆ. ಹಾಗಾಗಿ ಕೂತೇ ಇರುತ್ತೇನೆ, ಗಿರಾಕಿಗಳಿಗೆ ಖುಷಿಯೋ ಖುಷಿ. ಈಗಲೂ ಹೊಲಿಗೆ ಮಿಷನ್ನಿನ ಮೇಲೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ.

ನಿಮ್ಮಪ್ಪನ ವಿಷಯ ಬರೆಯಬೇಕು. ಮುಖ ಗಂಟು ಹಾಕಿಕೊಳ್ಳದೆ ಓದು. ಫೋನಿನಲ್ಲಿ ಅವರ ಸುದ್ದಿ ಎತ್ತಿದರೆ ಡ್ಯೂಟಿಗೆ ಹೊತ್ತಾಯಿತು ಅಂತ ಇಟ್ಟುಬಿಡುತ್ತೀಯ, ಕಾಗದಕ್ಕೆ ಆ ನೆಪ ನಡೆಯುವುದಿಲ್ಲ. ನೀನು ಅವರ ಜೊತೆ ಮಾತು ಬಿಟ್ಟದ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ನಿನ್ನ ಹುಟ್ಟುಹಬ್ಬಕ್ಕೆ ಬಂದ ಗೆಳತಿಯರು ಬಾಗಿಲಲ್ಲಿ ಚಪ್ಪಲಿ ರಾಶಿ ಹಾಕಿದರು ಅಂತ, ಅಷ್ಟನ್ನೂ ಬೀದಿಗೆ ಎಸೆದು, ಎಲ್ಲರೆದುರು ನಿನ್ನ ಕೆನ್ನೆಗೆ ಹೊಡೆದರಲ್ಲ, ಅದನ್ನು ಮರೆತುಬಿಡು ಅನ್ನುವುದಕ್ಕೆ ನನಗೆ ಬಾಯಿಲ್ಲ. ಯುದ್ಧದಿಂದ ಬಂದ ಮನುಷ್ಯ, ಅವರ ರೀತಿಯೇ ಹಾಗೆ ಅಂತ ನಾನು ಸುಮ್ಮನಿದ್ದೆ. ಮನೆಯ ಚಪ್ಪಲಿಗಳೆಲ್ಲ ಬೀದಿಯ ಕಡೆ ಮೂತಿ ಮಾಡಿ ಸಾಲಾಗಿ ನಿಂತಿರಬೇಕು, ತಾವು ಮಾತ್ರ ಬೂಟು ಹಾಕಿಕೊಂಡೇ ಮಲಗಬೇಕು. ಮದುವೆಯಾದಾಗಿನಿಂದ ಎಷ್ಟು ಹೊದಿಕೆಗಳಿಗೆ ತೇಪೆ ಹಾಕಿದ್ದೇನೋ, ಈ ಮಿಷನ್ನನ್ನೇ ಕೇಳಬೇಕು.

ಈಗ ಆದದ್ದು ಕೇಳು. ಮಂಡಿ ನೋವಿನಿಂದ ಪ್ರಾರ್ಥನಾ ಮಂದಿರದ ಮೆಟ್ಟಿಲು ಒಬ್ಬಳೇ ಹತ್ತಲಾಗದೆ, ಕೈ ಹಿಡಿದುಕೊಂಡು ಬನ್ನಿ ಅಂತ ಅವರನ್ನು ಗೋಗರೆದೆ. ದೇವರ ಮಾತೆತ್ತಿದರೆ ಅವರದು ಒಂದೇ ರಾಗ, ನಿನಗೆ ಗೊತ್ತಲ್ಲ: "ನನಗೂ ಅವನಿಗೂ ಮಾತಿಲ್ಲ." ಬಾಗಿಲವರೆಗೆ ಬಂದರು, ಒಳಗೆ ಕಾಲಿಡಲಿಲ್ಲ. ನಾನು ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ ಅಷ್ಟೂ ಜನರ ಚಪ್ಪಲಿ, ಬೂಟುಗಳು ಬೀದಿಗೆ ಮುಖ ಮಾಡಿ ಪೆರೇಡಿಗೆ ನಿಂತಿದ್ದವು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಜನಕ್ಕೆ ಮಾತ್ರ ಹುಡುಕುವ ಕೆಲಸ ತಪ್ಪಿತಲ್ಲ, ಹೊಗಳಿದ್ದೇ ಹೊಗಳಿದ್ದು. ಆಮೇಲೆ ಪ್ರತಿ ವಾರವೂ ಇವರಿಗೆ ಅದೇ ಕೆಲಸವಾಯಿತು. ಅಲ್ಲಿಯ ಗುರುಗಳು ಒಳಗೆ ಬಾ ಅಂತ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಒಮ್ಮೆ ತಾವೇ ಹೊರಗೆ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು, ಚಪ್ಪಲಿಗಳ ಮೂತಿ ಹೊರಗೆ ಯಾಕಪ್ಪ ಅಂತ ಕೇಳಿದರಂತೆ. ಓಡುವುದಕ್ಕೆ ಸುಲಭ ಅಂದರಂತೆ ಇವರು. ಅಷ್ಟು ಅಂದದ್ದೇ ತಡ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಹೊರಗೆ ಬಂದಿದೆ. ಮನೆಗೆ ಬಂದು ನನಗೂ ಹೇಳಿದರು.

ಯುದ್ಧದಲ್ಲಿ ಒಂದು ಬೆಳಿಗ್ಗೆ ಇವರೂ ಇವರ ಗೆಳೆಯನೂ ಹೊಳೆಯ ದಡದಲ್ಲಿ ಬೂಟು ಬಿಚ್ಚಿ ಕಾಲು ತೊಳೆಯುತ್ತಿದ್ದರಂತೆ. ಇದ್ದಕ್ಕಿದ್ದಂತೆ ಗುಂಡು ಹಾರತೊಡಗಿತು. ಇವರಿಗೆ ಎರಡೂ ಬೂಟು ಸಿಕ್ಕವು, ಓಡಿದರು. ಆ ಹುಡುಗ ಎಡಗಾಲಿನ ಬೂಟಿಗೆ ತಡಕಾಡುತ್ತಾ ಅಲ್ಲೇ ಉಳಿದ. "ನಿಲ್ಲೋ, ಒಂದು ನಿಮಿಷ ನಿಲ್ಲೋ" ಅಂತ ಕೂಗಿದ್ದು ಇವರಿಗೆ ಕೇಳಿಸಿತ್ತು. ನಿಲ್ಲಲಿಲ್ಲ. ಆ ಹುಡುಗ ವಾಪಸ್ಸು ಬರಲೇ ಇಲ್ಲ. ಇದನ್ನು ಕೇಳಿ ಗುರುಗಳು ಉಪದೇಶ ಏನೂ ಮಾಡಲಿಲ್ಲ. "ಕ್ಷಮಿಸೋಕೆ ನಾನ್ಯಾರಪ್ಪ? ಕ್ಷಮಿಸೋನು ಒಳಗಿದ್ದಾನೆ, ಬಂದು ಕೇಳು" ಅಂದರಂತೆ.

ಮರುವಾರ ನಿಮ್ಮಪ್ಪ ಬೂಟು ಬಿಚ್ಚಿ ಒಳಗೆ ಬಂದು ಬಾಗಿಲ ಪಕ್ಕ ಕೂತರು. ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿದ್ದೆವು. ಯುದ್ಧದ ಸದ್ದಿಗೆ ಅವರ ಕಿವಿ ಮಂದವಾಗಿದೆಯಲ್ಲ, ಪಿಸುಗುಡುತ್ತಿದ್ದೇನೆ ಅಂದುಕೊಂಡು ಇಡೀ ಮಂದಿರಕ್ಕೆ ಕೇಳುವ ಹಾಗೆ ಹೇಳಿದರು: "ಅವನ ಬೂಟು ಹುಡುಕಿಕೊಡಬಹುದಿತ್ತು ದೇವರೇ. ಓಡಿಬಿಟ್ಟೆ. ಮಗಳಿಗೂ ಹೊಡೆದೆ. ಕ್ಷಮಿಸು." ಒಬ್ಬರೂ ತಿರುಗಿ ನೋಡಲಿಲ್ಲ, ಅವರಿಗೆಲ್ಲ ಪುಣ್ಯ ಬರಲಿ. ಹೊರಗೆ ಬಂದರೆ ಆವತ್ತು ಜೋಡಿಸುವವರೇ ಇಲ್ಲದೆ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಇವರ ಎಡಗಾಲಿನ ಬೂಟು ಕಾಣಿಸಲಿಲ್ಲ. ನಮ್ಮ ಬೀದಿಯ ಮುದುಕ ಕ್ಷೌರಿಕ ಬಗ್ಗಿ ಬಗ್ಗಿ ಹುಡುಕಿ, ತಂದು, ಇವರ ಕಾಲ ಬಳಿ ಇಟ್ಟ. ನಿಮ್ಮಪ್ಪ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತರು. "ಅವನು ಮಾತಾಡಿದ ಕಣೇ, ದೇವರು" ಅಂದರು.

ಆವತ್ತಿನಿಂದ ಬೂಟು ಬಿಚ್ಚಿ ಮಲಗುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯನ ಪಾದ ಇಷ್ಟು ತಣ್ಣಗಿರುತ್ತದೆ ಅಂತ ಈಗ ಗೊತ್ತಾಗಿದೆ, ನೋಡು ನನ್ನ ಹಣೆಬರಹ. ಪ್ರಾರ್ಥನೆಗೆ ನನಗಿಂತ ಮುಂಚೆ ಹೊರಟು ನಿಂತಿರುತ್ತಾರೆ. ದೇವರ ಹತ್ತಿರ ಕೇಳಿದ್ದಾಯಿತು, ಮಗಳ ಹತ್ತಿರ ಕೇಳುವುದು ಉಳಿದಿದೆ ಅಂತ ದಿನಾ ಹೇಳುತ್ತಾರೆ. ನೀನು ಹೀಗೇ ಮಾಡು ಅಂತ ನಾನು ಹೇಳುವುದಿಲ್ಲ. ಏಟು ತಿಂದವಳು ನೀನು.

ಎಲ್ಲಿದ್ದರೂ ನಗುನಗುತ್ತಾ ಇರು ಕಂದಾ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಸ್ಟಾಂಪು ಯಾಕಿಲ್ಲ ಅಂದುಕೊಂಡೆಯಾ? ನಿನ್ನ ರಜೆಯ ದಿನ ನೋಡಿ ನಿಮ್ಮಪ್ಪನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಬ್ಯಾಗು ಹಿಡಿದು ನಿಂತಿದ್ದಾರೆ, ರೈಲಿಗೆ ಹೊತ್ತಾಯಿತು. ಕಾಗದವನ್ನು ಬಾಗಿಲ ಕೆಳಗಿಂದ ಒಳಗೆ ತೂರಿಸಿ ಮೆಟ್ಟಿಲ ಮೇಲೆ ಕೂತಿರಿ, ಅವಳು ಕರೆಯದೆ ಬಾಗಿಲು ಬಡಿಯಬೇಡಿ ಅಂತ ಹೇಳಿದ್ದೇನೆ. ಬೇಡ ಅನ್ನಿಸಿದರೆ ತೆಗೆಯಬೇಡ, ಸಂಜೆಯ ರೈಲಿಗೆ ವಾಪಸ್ಸು ಬರುತ್ತಾರೆ. ಕರೆಯುವುದಾದರೆ ಸ್ವಲ್ಪ ಜೋರಾಗಿ ಕರಿ, ಮೆಲ್ಲಗೆ ಕರೆದರೆ ಅವರಿಗೆ ಕೇಳಿಸುವುದಿಲ್ಲ.