ನಿಮ್ಮನ್ನು ಕೇಳದೆ ಬಿಟ್ಟ ಪ್ರಶ್ನೆಗಳು

ಲಾಂಡ್ರಿ ಅಕ್ಕನವರಿಗೆ ನಮಸ್ಕಾರ,

ನೀವು ಸಂಜೆಯ ಇಂಗ್ಲಿಷ್ ತರಗತಿ ಬಿಟ್ಟ ಕಾರಣವನ್ನು ನಿನ್ನೆ ನಿಮ್ಮ ನಾದಿನಿ ಹೇಳಿದರು. "ಅತ್ತಿಗೆಗೆ ತುಂಬ ಬೇಜಾರಾಗಿದೆ ಸಾರ್. 'ಎಲ್ಲರನ್ನೂ ಪ್ರಶ್ನೆ ಕೇಳ್ತಾರೆ, ನನ್ನ ಬೆಂಚು ಬಂದ್ರೆ ದಾಟ್ಕೊಂಡು ಹೋಗ್ತಾರೆ, ನಾನೇನು ಗೋಡೆಗೆ ಹೊಡೆದ ಮೊಳೆನಾ' ಅಂತಾರೆ."

ಬೋಧನೆಯ ಕಿರುಹೊತ್ತಗೆಯೊಂದರಲ್ಲಿ 'ಮೌನದ ಅವಧಿ' ಎಂಬ ಮಾತನ್ನು ಓದಿದ್ದೆ. ಹೊಸ ಭಾಷೆ ಕಲಿಯುವವರು ಮೊದಲು ಕೆಲಕಾಲ ಬರೀ ಕೇಳಿಸಿಕೊಳ್ಳುತ್ತಾರೆ, ಮಾತಾಡಿ ಎಂದು ಅವರನ್ನು ಪೀಡಿಸಬಾರದು ಎಂದು ಅದರ ಅರ್ಥ. ನನಗದು ವೇದವಾಕ್ಯವಾಯಿತು. ತಪ್ಪಿಗೆ ಬೆತ್ತ ಎತ್ತುವ ಶಾಲೆಗಳ ಮೇಲೆ ಯುದ್ಧ ಸಾರಿದವನು ನಾನು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ನಿಮ್ಮನ್ನು ಕಾಪಾಡುತ್ತಿದ್ದೇನೆಂದೇ ನಂಬಿದ್ದೆ. ನೀವು ಉತ್ತರ ಸಿದ್ಧಮಾಡಿಕೊಂಡು ಸರದಿಗೆ ಕಾಯುತ್ತಿದ್ದಿರಿ ಎಂಬುದು ಹೊಳೆಯಲೇ ಇಲ್ಲ. ಕಲಿಯುವವರ ಮರ್ಯಾದೆ ಉಳಿಸಲು ಹುಟ್ಟಿದ ಮಾತಿನಿಂದಲೇ ನಾನು ನಿಮ್ಮ ಬಾಯಿ ಕಟ್ಟಿದೆ.

ನೀವು ಲಾಂಡ್ರಿಯಲ್ಲಿ ದುಡಿಯುವ ಹೋಟೆಲಿನಲ್ಲೇ ರಿಸೆಪ್ಷನ್ ಕೆಲಸದ ಸಂದರ್ಶನ ಸೋಮವಾರವಂತೆ, ನೀವು ಹೋಗುವುದಿಲ್ಲ ಎಂದಿರಂತೆ. ದಯವಿಟ್ಟು ಹೋಗಿ. ಅದಕ್ಕೆ ಮೊದಲು, ಶನಿವಾರ ತರಗತಿಗೆ ಬನ್ನಿ. ಎಲ್ಲರಿಗಿಂತ ಮೊದಲು ನಿಮ್ಮನ್ನೇ ಕೇಳುತ್ತೇನೆ. ತಪ್ಪಾದರೆ ತಿದ್ದಿ, ಮತ್ತೆ ಕೇಳುತ್ತೇನೆ. ತರಗತಿಗೆ ಬರಲು ಮನಸ್ಸಿಲ್ಲದಿದ್ದರೆ ನಾನೇ ಲಾಂಡ್ರಿಯ ಹಿಂಬಾಗಿಲಿಗೆ ಬರುತ್ತೇನೆ, ಹಾಸಿಗೆ ಹೊದಿಕೆ ಮಡಿಸುತ್ತಲೇ ಉತ್ತರ ಹೇಳಿ.

ಅದೂ ಬೇಡವಾದರೆ, ಬೇಡ ಎಂದು ನೀವೇ ಹೇಳಿ ಕಳಿಸಿ. ನಿಮ್ಮ ಮೌನಕ್ಕೆ ಇನ್ನು ನಾನು ಅರ್ಥ ಕಟ್ಟುವುದಿಲ್ಲ.

ಇತಿ,
ನಿಮ್ಮ ಇಂಗ್ಲಿಷ್ ಮೇಷ್ಟ್ರು